ಕೌಂಟರಿನ ಅಕ್ಕನಿಗೆ ಯಾರೂ ಹೇಳಿಕೊಡದ ಮಾತು

ಕಳೆದ ತಿಂಗಳು ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೊರಟಿದ್ದ ಆಟೋದಲ್ಲಿ ನನ್ನ ಪಕ್ಕ ವಯಸ್ಸಾದ ಯಾತ್ರಿಕರೊಬ್ಬರು ಹತ್ತಿ ಕೂತರು. ಆಗಷ್ಟೇ ಗಂಗೆಯಲ್ಲಿ ಮಿಂದು ಬಂದಿದ್ದರು. ಹಿಂಡಿದ ಪಂಚೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತೊಡೆಯ ಮೇಲಿಟ್ಟುಕೊಂಡಿದ್ದರು. ಚೀಲದ ಬಾಯಿ ತೆರೆದೇ ಇತ್ತು. ಒದ್ದೆ ಹತ್ತಿಬಟ್ಟೆ, ನದಿಯ ಕೆಸರು, ಅದರೊಳಗೆ ಸ್ವಲ್ಪ ವಿಭೂತಿ… ಆ ವಾಸನೆ ಮೂಗಿಗೆ ಬಡಿಯಿತು. ಸ್ಟೇಷನ್ ಇನ್ನೂ ದೂರವಿರುವಾಗಲೇ ಆಟೋ ನಿಲ್ಲಿಸಿ ಇಳಿದುಬಿಟ್ಟೆ. ಡ್ರೈವರ್ "ಕ್ಯಾ ಹುವಾ ಮೇಡಂ, ತಬಿಯತ್ ಠೀಕ್ ನಹೀಂ?" ಎಂದು ಕೇಳಿದ. ಮೈ ಸರಿಯಿಲ್ಲವೇ ಎಂದವನ ಕೈಗೆ ಬಾಡಿಗೆಯಿಟ್ಟು ನಡೆದೆ.

ಈ ಊರಿನಲ್ಲಿ ಆ ವಾಸನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ದಿನಕ್ಕೊಮ್ಮೆಯಾದರೂ ಎದುರಾಗುತ್ತದೆ. ಆದರೆ ಅಷ್ಟು ಹತ್ತಿರದಿಂದ, ಮೈಗೆ ಮೈ ತಾಗುವಷ್ಟು ಹತ್ತಿರದಿಂದ ಬಂದು ಬಹಳ ವರ್ಷಗಳಾಗಿದ್ದವು. ಅದು ಬಂದಾಗಲೆಲ್ಲ ನನಗೆ ಮೊದಲು ಅಕ್ಕನ ನೆನಪಾಗುತ್ತದೆ. ಆ ನೆನಪಿನ ಬೆನ್ನಿಗೇ ಸಿಟ್ಟು ಬರುತ್ತದೆ. ಆ ಸಿಟ್ಟು ಅಕ್ಕನ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಇಡೀ ಗಲ್ಲಿಯೇ ಆಕೆಯ ಮೇಲೆ ಸಿಟ್ಟಾಗಿತ್ತು, ಅಷ್ಟು ಸಾಕು.

ಸಂಶೋಧನೆಗೆಂದು ಮೈಸೂರಿನಿಂದ ಬಂದ ಹೊಸದರಲ್ಲಿ ನಾನು ಹನುಮಾನ್ ಘಾಟಿನ ಒಂದು ಹಳೆಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿದ್ದವರನ್ನೇ ನಾನು ಅಕ್ಕ ಎನ್ನುತ್ತಿದ್ದೆ. ಅವರ ತಾತನ ಕಾಲದಲ್ಲೇ ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬ. ಅಕ್ಕನ ಕನ್ನಡ ಅರ್ಧ ಹಿಂದಿ. "ಸಬ್ಜಿ ತರೋಕೆ ಹೋಗಿದ್ದೆ, ಭೀಡು ಅಂದ್ರೆ ಭೀಡು, ಕಾಲಿಡೋಕೂ ಜಾಗ ಇಲ್ಲ" ಎನ್ನುವ ಥರ. ಗಂಡ ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಕ್ಕ ನಮ್ಮ ಗಲ್ಲಿಯಿಂದ ಎರಡು ತಿರುವು ಆಚೆಯಿದ್ದ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೌಂಟರಿಗೆ ಕೂರುತ್ತಿದ್ದರು.

ಅದು ಕಣ್ಣು, ಹಲ್ಲು, ಮೂಳೆ ಅಂತ ಬೇರೆಬೇರೆ ಬೋರ್ಡು ಹಾಕಿಕೊಂಡ ಆಸ್ಪತ್ರೆಯಲ್ಲ. ಜ್ವರ, ಭೇದಿ, ಬಿ.ಪಿ., ಬೆನ್ನುನೋವು, ಹೆದರಿಕೆ, ಯಾವುದಿದ್ದರೂ ಜನ ಮೊದಲು ಅಲ್ಲಿಗೇ ಹೋಗುತ್ತಿದ್ದರು. ಒಂದು ಹಳೆಯ ಮನೆಯ ಕೆಳ ಅಂತಸ್ತು. ಮುಂದೆ ಕಲ್ಲಿನ ಜಗಲಿ, ಒಳಗೆ ಬೆಂಚುಗಳು, ಒಳಗೋಣೆಯಲ್ಲಿ ಡಾಕ್ಟರು. ಬೆಂಚಿಗೂ ಒಳಗೋಣೆಗೂ ನಡುವೆ ಅಕ್ಕ. ನಂಬರ್ ಹಾಕುವುದು, ಫೋನ್ ಎತ್ತುವುದು, ಹೆಸರು ಕೂಗುವುದು, ಜಗಳ ಬಿಡಿಸುವುದು, ಅಳುವ ಮಗುವಿಗೆ ಮೇಜಿನ ಖಾನೆಯಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡುವುದು, ಎಲ್ಲವೂ ಅವರೇ.

ಕ್ಲಿನಿಕ್ಕಿನ ಹೊಸ್ತಿಲು ಎತ್ತರವಾಗಿತ್ತು. ಅಕ್ಕ ಕುರ್ಚಿಯಲ್ಲಿ ಕೂತೇ ಬಂದವರು ಅದನ್ನು ಹೇಗೆ ದಾಟುತ್ತಾರೆಂದು ನೋಡುತ್ತಿದ್ದರು. ಕಾಲೆತ್ತಲು ಕಷ್ಟಪಟ್ಟವರನ್ನು, ಬಾಗಿಲ ಚೌಕಟ್ಟು ಹಿಡಿದು ನಿಂತವರನ್ನು ನಂಬರ್ ನೋಡದೆ ಒಳಗೆ ಬಿಟ್ಟುಬಿಡುತ್ತಿದ್ದರು. ಅದೇನು ವೈದ್ಯಶಾಸ್ತ್ರವಲ್ಲ. ಎಷ್ಟೋ ಸಲ ತಪ್ಪೂ ಆಗುತ್ತಿತ್ತು. ಮಂಡಿನೋವಿನವರು ಮೊದಲು ಹೋಗಿ, ಮೂರು ದಿನದ ಜ್ವರದವರು ಹೊರಗೇ ಉಳಿಯುತ್ತಿದ್ದರು. ಹಾಗಿದ್ದರೂ ಅವರು ಬಂದವರ ಕಡೆ ಕಣ್ಣೆತ್ತಿ ನೋಡುತ್ತಿದ್ದರು. ಅದನ್ನು ಸರಿಯಾದ ದಾರಿಗೆ ಹಚ್ಚುವುದು ಡಾಕ್ಟರಿಗೆ ಒಂದು ಬೆಳಗಿನ ಕೆಲಸವಾಗಿತ್ತು. ಅವರು ಹಚ್ಚಲಿಲ್ಲ.

ಒಂದು ದಿನ ಬೆಂಚಿನಿಂದ ಗಲಾಟೆ ಎದ್ದಿತು. ಅಕ್ಕ ಜಂಗಮವಾಡಿ ಮಠದ ಕಡೆಯಿಂದ ಬಂದಿದ್ದ ಕನ್ನಡದ ಮುದುಕಿಯೊಬ್ಬರನ್ನು ಮೊದಲು ಒಳಗೆ ಕಳಿಸಿದ್ದರು. ಆಕೆ ಕನ್ನಡದಲ್ಲಿ ನರಳಿದ್ದಕ್ಕೋ, ನಿಜಕ್ಕೂ ಸುಸ್ತಾಗಿದ್ದಕ್ಕೋ, ನನಗೆ ಗೊತ್ತಿಲ್ಲ. ಬೆಂಚಿನಲ್ಲಿದ್ದ ಒಬ್ಬ ಗಂಡಸು ಎದ್ದು ನಿಂತು, "ಮದ್ರಾಸಿಗಳ ದವಾಖಾನೆಯಾ ಇದು? ಹಾಗಂತ ಬೋರ್ಡ್ ಹಾಕಿಬಿಡಿ, ನಾವು ಬರೋದೇ ಇಲ್ಲ!" ಎಂದು ಕೂಗಿದ. ಇಲ್ಲಿ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳೇ. ಉಳಿದವರೂ ದನಿಗೂಡಿಸಿದರು. ಡಾಕ್ಟರು ಹೊರಗೆ ಬಂದು ಎಲ್ಲರೆದುರು ಅಕ್ಕನಿಗೆ ಬೈದರು. ಅಂದು ಸಂಜೆ ಅಕ್ಕ ನನಗೆ ಹೇಳಿದ್ದು ಇಷ್ಟೇ: "ನಮ್ಮವರಿಗೆ ಇನ್ನು ಮೇಲೆ ಡಬಲ್ ಕಾಯಿದೆ. ಅವರೇ ಎಲ್ಲರಿಗಿಂತ ಜಾಸ್ತಿ ಕಾಯಬೇಕು, ನೋಡ್ತಿರು."

ಆ ಗಲಾಟೆಯಾದ ಮೇಲೆ ಡಾಕ್ಟರು ಸರದಿಯಂತೆ ನಂಬರ್ ಕರೆಯುವ ಕಂಪ್ಯೂಟರ್ ತಂದರು. ಅದನ್ನು ಮಾರಿದ ಕಂಪನಿಯವರೇ ಕ್ಲಿನಿಕ್ಕುಗಳ ಕೌಂಟರಿನವರಿಗೆ ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ತರಬೇತಿ ಇಟ್ಟುಕೊಂಡರು. ಅಕ್ಕ ರೇಷ್ಮೆ ಸೀರೆ ಉಟ್ಟು ಹೋದರು. ಕಾಲೇಜು ಮೆಟ್ಟಿಲು ಹತ್ತದವರು, ತರಬೇತಿ ಎಂಬ ಮಾತಿಗೇ ಅವರ ಮುಖ ಅರಳಿತ್ತು. ಮುಗಿಸಿ ಬಂದ ದಿನ ಅಂಗಳದಲ್ಲಿ ನಿಂತು ಅಲ್ಲಿಯ ಟೈ ಕಟ್ಟಿದ ಹುಡುಗನನ್ನು ಹಾಗೇ ಅಣಕಿಸಿ ತೋರಿಸಿದರು. ಹಲ್ಲು ಎಷ್ಟು ಕಾಣಬೇಕು, ಫೋನು ಎಷ್ಟನೇ ರಿಂಗಿಗೆ ಎತ್ತಬೇಕು, ರೋಗಿ ಅನ್ನದೆ ಗ್ರಾಹಕರು ಅನ್ನಬೇಕು, ಎಲ್ಲ. ಅಷ್ಟರಲ್ಲಿ ಹಾಲಿನವನು ಬಂದ. ಅಕ್ಕ ಕೈಮುಗಿದು, ಕತ್ತು ಓರೆ ಮಾಡಿ, "ನಮಸ್ಕಾರ್, ಮೈಂ ಆಪ್‌ಕೀ ಕ್ಯಾ ಸಹಾಯತಾ ಕರ್ ಸಕ್ತೀ ಹೂಂ?" ಎಂದರು. ಅವನು ಗಾಬರಿಯಾಗಿ ಅತ್ತಿತ್ತ ನೋಡಿ, "ಪಹಲೇ ಬರ್ತನ್ ತೋ ಲಾಯಿಯೇ, ಭಾಭೀ" ಎಂದ. ಪಾತ್ರೆ ತರಲಿಕ್ಕೂ ಆಗದಷ್ಟು ನಕ್ಕೆವು ನಾವು.

ನಗು ನಿಂತ ಮೇಲೆ ಕೇಳಿದೆ, "ಕಾಯಿಲೆ ಬಗ್ಗೆ ಏನು ಹೇಳಿಕೊಟ್ಟರು ಅಕ್ಕ?"

"ಕಾಯಿಲೇನಾ? ಅದು ನಮ್ಮ ಕೆಲಸ ಅಲ್ವಂತೆ. ಸಾಲು ತಪ್ಪಿಸಬಾರದು, ಅದೊಂದೇ. ಯಾರೇ ಬರಲಿ, ಮಂತ್ರೀನೇ ಬರಲಿ, ಕಂಪ್ಯೂಟರ್ ಕರೆದಾಗಲೇ ಒಳಗೆ. ನಮ್ಮ ತಲೆ ಓಡಿಸಬಾರದಂತೆ."

ಅವರಿಗೆ ಕೊಟ್ಟ ಸರ್ಟಿಫಿಕೇಟನ್ನು ಡಾಕ್ಟರು ಚೌಕಟ್ಟು ಹಾಕಿಸಿ ಕೌಂಟರಿನ ಹಿಂದಿನ ಗೋಡೆಗೆ ತೂಗುಹಾಕಿದರು. ಅಕ್ಕ ಹೊಸ್ತಿಲು ನೋಡುವುದನ್ನು ಬಿಟ್ಟರು. ಕಂಪ್ಯೂಟರಿನ ಪರದೆ ನೋಡತೊಡಗಿದರು.

ಪುರೋಹಿತರೊಬ್ಬರಿದ್ದರು. ನಮ್ಮ ಗಲ್ಲಿಯ ಕೊನೆಯ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಘಾಟಿನಲ್ಲಿ ಶ್ರಾದ್ಧ, ತರ್ಪಣ ಮಾಡಿಸುವವರು. ಅಕ್ಕ ಅವರನ್ನು ಮಾವ ಎನ್ನುತ್ತಿದ್ದರು. ಕೇಳಿ ಕೇಳಿ ನಾನೂ ಹಾಗೇ ಕರೆಯತೊಡಗಿದೆ. ಮಾತಿನಲ್ಲಿ ತುಂಬ ತಮಾಷೆಯ ಮನುಷ್ಯ. ನಾನು ಪುಸ್ತಕ ಹೊತ್ತು ಮೆಟ್ಟಿಲು ಹತ್ತುವಾಗ, "ಏನಮ್ಮ, ಇನ್ನೂ ಓದು ಮುಗಿದಿಲ್ವಾ? ನಾನು ಎಷ್ಟು ಜನರನ್ನ ಸ್ವರ್ಗಕ್ಕೆ ಕಳಿಸಿದೆ, ನೀನು ಇನ್ನೂ ಅದೇ ಪುಟದಲ್ಲಿದ್ದೀ" ಎನ್ನುತ್ತಿದ್ದರು. ಮಡಿಯ ವಿಷಯದಲ್ಲಿ ಮಾತ್ರ ತಮಾಷೆಯಿರಲಿಲ್ಲ. ಮಿಂದು ಒದ್ದೆ ಪಂಚೆಯಲ್ಲಿ ಮೇಲೆ ಬರುವಾಗ ಗಲ್ಲಿಯ ಮಕ್ಕಳೂ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು.

ಆ ಬೆಳಗ್ಗೆ ನಾನು ಗಂಟಲುನೋವಿಗೆಂದು ಕ್ಲಿನಿಕ್ಕಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಚೈತ್ರದ ಬಿಸಿಲು ಆಗಲೇ ಜೋರಾಗಿತ್ತು. ಬೆಂಚುಗಳು ತುಂಬಿದ್ದವು. ಮಾವ ಬಂದು ಹೊಸ್ತಿಲ ಆಚೆಯೇ ನಿಂತರು. ಒದ್ದೆ ಪಂಚೆ, ಒದ್ದೆ ಉತ್ತರೀಯ, ಹಣೆಯ ಮೇಲೆ ಆಗಷ್ಟೇ ಎಳೆದ ವಿಭೂತಿ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನು ಮಾವ, ಇಷ್ಟು ಹೊತ್ತಿನಲ್ಲಿ?" ಎಂದರು ಅಕ್ಕ.

"ಏನಿಲ್ಲ ಕಣಮ್ಮ. ಎದೆ ಸ್ವಲ್ಪ ಹಿಡಿದ ಹಾಗಿದೆ. ಗ್ಯಾಸು. ಒಂದು ಮಾತ್ರೆ ಕೊಡಿಸಿಬಿಟ್ಟರೆ ಹೋಗ್ತೀನಿ. ಮಧ್ಯಾಹ್ನ ಇನ್ನೊಂದು ಶ್ರಾದ್ಧ ಇದೆ."

ಅಕ್ಕ ಬೆಂಚಿನ ಕಡೆ ನೋಡಿದರು. ಕನ್ನಡದ ಮಾತು ಕಿವಿಗೆ ಬಿದ್ದದ್ದೇ ಒಂದೆರಡು ಮುಖಗಳು ಆಗಲೇ ಮೇಲೆದ್ದಿದ್ದವು. ಅಕ್ಕನ ಆ ನೋಟವನ್ನು ನಾನು ಮರೆತಿಲ್ಲ. ಒಂದು ಕ್ಷಣ ಅವರ ಕಣ್ಣು ಮಾವನ ಮೇಲೆ, ಮರುಕ್ಷಣ ಬೆಂಚಿನ ಮೇಲೆ, ಆಮೇಲೆ ಪರದೆಯ ಮೇಲೆ…

"ನಂಬರ್ ಹಾಕಿದ್ದೀನಿ ಮಾವ. ಸ್ವಲ್ಪ ಹೊತ್ತಾಗುತ್ತೆ. ಮಡಿಯಲ್ಲಿದ್ದೀರಲ್ಲ, ಒಳಗೆಲ್ಲ ಮೈಲಿಗೆ. ಅಲ್ಲೇ ಜಗಲಿ ಮೇಲೆ ಕೂತ್ಕೊಳ್ಳಿ. ಬಿಸಿಲಿದೆ, ಬಟ್ಟೇನೂ ಒಣಗುತ್ತೆ."

"ಅದೇ ಒಳ್ಳೇದು ಬಿಡು" ಎಂದರು ಅವರು.

ಅಕ್ಕ ಎದ್ದು ಬಂದು, ಜಗಲಿಯಲ್ಲಿ ಕೂತಿದ್ದವರಿಗೆ ಹಿಂದಿಯಲ್ಲಿ ದೂರ ಸರಿಯುವಂತೆ, ಅವರನ್ನು ಮುಟ್ಟದಂತೆ ಹೇಳಿದರು. ಜನ ಸರಿದರು. ಹಿರಿಯರಿಗೆ ಕೊಡಬೇಕಾದ ಗೌರವವನ್ನೆಲ್ಲ ಕೊಟ್ಟು, ಅವರನ್ನು ಬಿಸಿಲಿನಲ್ಲಿ ಒಬ್ಬರನ್ನೇ ಕೂರಿಸಿ, ಅಕ್ಕ ಒಳಗೆ ಬಂದರು. ಯಾರೂ ಅವರ ಕೈ ಹಿಡಿದು ನೋಡಲಿಲ್ಲ. ನೋಡುವಂತಿರಲಿಲ್ಲ. ಈ ಘಾಟುಗಳ ಪಕ್ಕದಲ್ಲಿ ಒದ್ದೆಯಾದ ಮುದುಕರೊಬ್ಬರು ಎದುರು ನಿಂತರೆ, ಅದು ಗಂಗೆಯ ನೀರು ಎಂದಲ್ಲದೆ ಬೇರೆ ಯೋಚನೆ ಯಾರಿಗೆ ಬಂದೀತು? ಅಲ್ಲಿದ್ದ ಅಷ್ಟೂ ಜನ ನೋಡಿದ್ದು ಸ್ನಾನ ಮಾಡಿ ಬಂದವರನ್ನು.

ನಾನು ಕೂತಲ್ಲಿಂದ ಅವರು ಓರೆಯಾಗಿ ಕಾಣುತ್ತಿದ್ದರು. ಬಾಯಲ್ಲಿ ಏನೋ ಮಂತ್ರ. ಒಮ್ಮೆ ಎದೆಯನ್ನು ಅಂಗೈಯಿಂದ ಒತ್ತಿಕೊಂಡರು. ಆಮೇಲೆ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಒಳಗೆ ಕಂಪ್ಯೂಟರು ಟಿಂಗ್ ಎನ್ನುತ್ತಿತ್ತು, ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ನೆಗಡಿಯವರು, ಸರ್ಟಿಫಿಕೇಟಿಗೆ ಸಹಿ ಬೇಕಾದವರು, ಟಾನಿಕ್ ಬರೆಸಿಕೊಳ್ಳಲು ಬಂದವರು. ಅವರೆಲ್ಲ ಒಳಗೆ ಹೋದರು. ಟಾನಿಕ್ಕಿನವರು ಒಳಗೆ ಹೋದರು.

ಮುಂದಿನ ಹೆಸರು ಕೂಗಲು ಅಕ್ಕ ಬಾಗಿಲಿಗೆ ಬಂದರು. ಹೊರಗೆ ಕಣ್ಣು ಹಾಯಿಸಿದವರು ಹಾಗೇ ನಿಂತರು.

"ಮಾವ… ನಿಮ್ಮ ಪಂಚೆ ಒಣಗಿದೆ."

ಆಗ ನಾನೂ ನೋಡಿದೆ. ಪಂಚೆಯ ಅಂಚು ಬಿಸಿಲಿಗೆ ಗರಿಗರಿಯಾಗಿ ನಿಂತಿತ್ತು. ತಲೆಗೂದಲು ಒಣಗಿ ಹಾರುತ್ತಿತ್ತು. ಆದರೆ ಮುಖ, ಕತ್ತು, ಎದೆ ಒದ್ದೆ. ಹಣೆಯ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

ಅಕ್ಕ ಜಗಲಿಗೆ ಹಾರಿ ಅವರ ಭುಜ ಹಿಡಿದರು. ಮಾವ ಕಣ್ಣು ತೆರೆದು, ಬಹಳ ಬೇಸರದಿಂದ, "ಮುಟ್ಟಿಬಿಟ್ಟೆಯಲ್ಲಮ್ಮ" ಎಂದರು. ಆಮೇಲೆ ಪಕ್ಕಕ್ಕೆ ವಾಲಿದರು. ಅಕ್ಕನಿಗೆ ಅವರು ಆಡಿದ ಕೊನೆಯ ಮಾತು ಅದು.

ಅಕ್ಕ ಕಿರುಚಿದ ದನಿಗೆ ಡಾಕ್ಟರು ಓಡಿಬಂದರು. ಬಂದ ಮೇಲೆ ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು, ಅದನ್ನು ಅಲ್ಲಗಳೆಯುವುದಿಲ್ಲ. ನಾಡಿ ನೋಡಿದರು, ನಾಲಗೆಯ ಕೆಳಗೆ ಮಾತ್ರೆ ಇಟ್ಟರು, ಈಗಿಂದೀಗಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆದರೆ ನಮ್ಮ ಗಲ್ಲಿಗೆ ಆಂಬುಲೆನ್ಸ್ ಬರುವುದಿಲ್ಲ. ಸೈಕಲ್ ರಿಕ್ಷಾ ಕೂಡ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಲಿನಿಕ್ಕಿನ ಕಂಪೌಂಡರ್ ಮತ್ತು ಘಾಟಿನ ದೋಣಿಯವರು ಸೇರಿ ಮಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಉತ್ತರೀಯದಿಂದ ಬಿಗಿದು, ಹೆಗಲೆತ್ತರಕ್ಕೆ ಎತ್ತಿಕೊಂಡು ಹೊರಟರು. ಅಕ್ಕ ಮುಂದೆ. ನಾನು ಹಿಂದೆ.

ನಾನು ಈಗಲೂ ಬೆಚ್ಚಿ ಏಳುವುದು ಆ ದಾರಿಯನ್ನು ನೆನೆದು. ಈ ಊರಿನ ಗಲ್ಲಿಗಳಲ್ಲಿ ನಾಲ್ಕು ಜನ ಹೊತ್ತು ಬಂದರೆ ಅದು ಏನೆಂದು ಎಲ್ಲರಿಗೂ ಗೊತ್ತು. ಕೇಳುವುದಿಲ್ಲ, ತಿರುಗಿ ನೋಡುವುದಿಲ್ಲ. ಅಂಗಡಿಯವರು ಕೂತಲ್ಲೇ ಕೈ ಎದೆಗೆ ತಂದು ನಮಸ್ಕಾರ ಮಾಡಿದರು. ಹೂವಿನವಳು ಕಣ್ಣು ಮುಚ್ಚಿದಳು. ಚಹಾದಂಗಡಿಯ ಮುಂದೆ ನಿಂತವರು ಲೋಟ ಹಿಡಿದೇ ನಿಧಾನವಾಗಿ ಗೋಡೆಗೆ ಸರಿದರು. ಯಾವ ಅವಸರವೂ ಇಲ್ಲ. ಹೆಣಕ್ಕೆ ಏನು ಅವಸರ? ಆದರೆ ಕುರ್ಚಿಯ ಮೇಲೆ ಮಾವನ ಕಣ್ಣು ತೆರೆದಿತ್ತು. ತಮಗೆ ಕೈಮುಗಿಯುತ್ತಿದ್ದವರನ್ನೆಲ್ಲ ಅವರು ನೋಡುತ್ತಿದ್ದರು. ಅದನ್ನು ನಾನು ಕಂಡೆ…

ಅಕ್ಕ ಮುಂದೆ ಓಡುತ್ತಾ, ಜನರನ್ನು ಎರಡೂ ಕೈಯಿಂದ ತಳ್ಳುತ್ತಾ ಕೂಗುತ್ತಿದ್ದರು, "ಜಿಂದಾ ಹೈಂ! ಹಟಿಯೇ! ಅರೇ, ಜಿಂದಾ ಹೈಂ!" ಬದುಕಿದ್ದಾರೆ, ಸರಿಯಿರಿ. ಸೆರಗು ಜಾರಿತ್ತು, ಚಪ್ಪಲಿ ಎಲ್ಲೋ ಬಿದ್ದಿತ್ತು. ಒಬ್ಬ ದಾರಿಹೋಕ "ಪಾಗಲ್ ಹೈ ಕ್ಯಾ?" ಎಂದು ಪಕ್ಕದವನನ್ನು ಕೇಳಿದ್ದು ನನಗೆ ಕೇಳಿಸಿತು.

ದೊಡ್ಡ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಆಸ್ಪತ್ರೆಯ ಬಾಗಿಲು ಕಾಣುವಷ್ಟರಲ್ಲಿ ಮಾವ ಹೋಗಿದ್ದರು. ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರು ನಮ್ಮನ್ನು ಕೇಳಿದರು, "ನೋವು ಶುರುವಾದ ಮೇಲೆ ಇಷ್ಟು ಹೊತ್ತು ಎಲ್ಲಿದ್ದರು?" ಅಕ್ಕ ಬರಿಗಾಲಿನಲ್ಲಿ ನಿಂತು ಉತ್ತರ ಹೇಳಿದರು, "ಡಾಕ್ಟರ ಹತ್ತಿರವೇ ಇದ್ದರು."

ಆಮೇಲಿನದು ಇನ್ನೂ ಅಸಹ್ಯ. ಹದಿಮೂರನೆಯ ದಿನ ಕಳೆಯುವ ಮೊದಲೇ ಗಲ್ಲಿ ತೀರ್ಪು ಕೊಟ್ಟಾಗಿತ್ತು. ಒದ್ದೆ ಬಟ್ಟೆಯಿಂದ ಬೆಂಚು ಹಾಳಾಗುತ್ತೆ ಅಂತ ಮುದುಕರನ್ನು ಬಿಸಿಲಿಗೆ ಕೂರಿಸಿದಳಂತೆ, ಕುರ್ಚಿ ಸಿಕ್ಕ ಮೇಲೆ ಕೊಬ್ಬು ಬಂದಿತ್ತಂತೆ. ಮಾತಿನ ಕೊನೆಯಲ್ಲಿ ಒಂದು ಸಮಾಧಾನ ಬೇರೆ. ಎಂಥ ಪುಣ್ಯಾತ್ಮ ನೋಡಿ, ಗಂಗಾಸ್ನಾನ ಮಾಡಿ, ವಿಭೂತಿ ಧರಿಸಿ, ಮಂತ್ರ ಹೇಳುತ್ತಾ ಕಾಶಿಯಲ್ಲಿ ಹೋದರು, ಇದಕ್ಕಿಂತ ಇನ್ನೇನು ಬೇಕು! ಈ ಮಾತನ್ನು ಕೇಳಿದಾಗ ನನಗೆ ಎದುರಿದ್ದವರ ಬಾಯಿ ಮುಚ್ಚಿಸಬೇಕೆನಿಸುತ್ತಿತ್ತು. ಅವರು ಬಂದದ್ದು ಒಂದು ಮಾತ್ರೆಗೆ. ಮಧ್ಯಾಹ್ನ ಅವರಿಗೆ ಕೆಲಸವಿತ್ತು. ಮುಕ್ತಿ ಬೇಕೆಂದು ಅವರು ನಂಬರ್ ಹಾಕಿಸಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಇದನ್ನು ಅನ್ಯಾಯದ ಸಾವು ಎನ್ನುತ್ತಿದ್ದರು. ಇಲ್ಲಿ ಮುಕ್ತಿ ಎಂದರು, ಮುಗಿಯಿತು. ಮತ್ತೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ.

ಡಾಕ್ಟರು ಅಕ್ಕನನ್ನು ಕೆಲಸದಿಂದ ತೆಗೆದರು. ನಾನು ಹೋಗಿ ಅವರನ್ನು ಕೇಳಿದೆ. ಸಂಶೋಧನೆ ಮಾಡುತ್ತಿದ್ದವಳೆಂದು ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ಆಕೆಗೆ ನಾನು ಟ್ರೇನಿಂಗ್ ಕೊಡಿಸಿದ್ದೇನೆ. ಬೇಕಾದರೆ ಸರ್ಟಿಫಿಕೇಟ್ ಗೋಡೆ ಮೇಲಿದೆ, ನೋಡಿ" ಎಂದರು.

"ಎದೆನೋವು ಅಂದವರನ್ನು ಏನು ಮಾಡಬೇಕು ಅಂತ ಅದರಲ್ಲಿ ಹೇಳಿಕೊಟ್ಟಿದ್ದರಾ?"

"ರೋಗ ನೋಡುವುದು ನನ್ನ ಕೆಲಸ. ಕೌಂಟರಿನಲ್ಲಿ ಕೂರುವವರಿಗೆ ಅದನ್ನೆಲ್ಲ ಕಲಿಸಿದರೆ ನಾಳೆ ಅವರೇ ಬೋರ್ಡ್ ಹಾಕಿಕೊಳ್ಳುತ್ತಾರೆ."

"ಸರಿ. ಹೊರಗೆ ಕೂತವರಲ್ಲಿ ಯಾರನ್ನು ನೀವು ಮೊದಲು ನೋಡಬೇಕು ಅಂತ ನಿಮಗೆ ಯಾರು ಹೇಳುತ್ತಾರೆ?"

ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅಕ್ಕ ಅಡುಗೆಮನೆ ಬಿಟ್ಟು ಹೊರಬರುವುದನ್ನೇ ನಿಲ್ಲಿಸಿದ್ದರು. ಒಂದು ದಿನ ನಾನು ಕೆಳಗೆ ಹೋದಾಗ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆಯೆತ್ತದೆ ಕೇಳಿದರು, "ನೀನು ಓದಿದವಳು. ಹೇಳು, ನಾನು ಏನು ಕೇಳಬೇಕಿತ್ತು ಅವರನ್ನ? ಯಾವ ಮಾತು ಕೇಳಿದ್ರೆ ಗೊತ್ತಾಗ್ತಿತ್ತು?" ನನ್ನ ಓದು ಇತಿಹಾಸದ್ದು. ವಿಶ್ವವಿದ್ಯಾಲಯದ ಕಡೆ ಹುಬ್ಬಳ್ಳಿಯ ಡಾಕ್ಟರೊಬ್ಬರ ಪರಿಚಯವಿತ್ತು, ಅವರನ್ನು ಒಂದು ಭಾನುವಾರ ಮನೆಗೆ ಕರೆತಂದೆ. ಅಕ್ಕ ಕಾಫಿ ಮಾಡಿ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತರು.

"ನೋಡ್ರಿ ಅಕ್ಕಾರ," ಎಂದರು ಅವರು, "ಎದಿ ಭಾರ ಅಂದ್ರ, ತಣ್ಣಗ ಬೆವರಿದ್ರ, ಕೈಗೋ ದವಡಿಗೋ ನೋವು ಇಳದ್ರ, ನಂಬರ್ ಗಿಂಬರ್ ಏನಿಲ್ಲ, ಸೀದಾ ಡಾಕ್ಟರ ಮುಂದ. ಗ್ಯಾಸ್ ಅಂತ ಅವ್ರೇ ಹೇಳತಾರ, ನಂಬಬ್ಯಾಡ್ರಿ. ಬಾಯಿ ಸೊಟ್ಟ ಆದ್ರ, ಮಾತು ತೊದಲಿದ್ರ, ಹಂಗ. ಉಸಿರು ಹಿಡಿದು ಪೂರಾ ಮಾತು ಆಡಾಕ ಆಗದಿದ್ರ, ಹಂಗ. ಕೂಸು ಹಾಲು ಬಿಟ್ಟು ಮಂಕಾಗಿ ಬಿದ್ದಿದ್ರ, ಅಳೂ ಕೂಸಿಗಿಂತ ಮೊದಲ ಅದನ್ನ ಒಳಗ ಕಳಸ್ರಿ. ಯಾರರೆ ಬೈದ್ರ ಬೈಲಿ. ಸಂಶಯ ಬಂತಂದ್ರ ಬಾಗಿಲ ಬಡೀರಿ."

ಅವರು ಕಾಫಿ ಗುಟುಕರಿಸಿದರು. ಅಕ್ಕ ಇನ್ನೂ ಕಾಯುತ್ತಿದ್ದರು, ಮುಂದೆ ಏನೋ ದೊಡ್ಡದು ಬರಲಿದೆ ಎಂಬಂತೆ.

"ಇಷ್ಟೇನಾ?" ಎಂದರು ಕೊನೆಗೆ.

"ಇನ್ನೂ ಒಂದೆರಡು ಅದಾವ್ರಿ. ಆದ್ರ ಕೌಂಟರಿಗೆ ಇಷ್ಟು ತಿಳದಿದ್ರ ಭಾಳ ಆತು."

"ಇದನ್ನ ಕಲಿಸೋಕೆ ಎಷ್ಟು ದಿನ ಬೇಕು ಡಾಕ್ಟ್ರೇ?"

"ಈಗ ಕಲಿತ್ರಲ್ಲ."

ಅವರ ಲೋಟದಲ್ಲಿ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು. ಅಕ್ಕ ಎದ್ದು ಒಳಗೆ ಹೋದರು. ಒಲೆಯ ಮುಂದೆ ನಿಂತು ಅತ್ತದ್ದು ನಮ್ಮಿಬ್ಬರಿಗೂ ಕೇಳಿಸಿತು. ಅದುವರೆಗೆ ಅವರು ಅತ್ತಿರಲಿಲ್ಲ. ತಮಗೆ ತಿಳಿಯಲಾಗದಷ್ಟು ದೊಡ್ಡ ವಿದ್ಯೆಯೊಂದು ಮಾವನನ್ನು ಉಳಿಸಬಹುದಿತ್ತು ಎಂದು ಅವರು ಅಂದುಕೊಂಡಿದ್ದರೇನೋ. ಹಾಗೆಂದುಕೊಂಡು ಹೇಗೋ ಬದುಕಬಹುದಿತ್ತು. ಅದು ಒಂದು ಲೋಟ ಕಾಫಿ ಆರುವ ಮೊದಲು ಹೇಳಿ ಮುಗಿಸಬಹುದಾದ ಮಾತು ಎಂದು ಗೊತ್ತಾದ ಮೇಲೆ…

ಹಲ್ಲು ಎಷ್ಟು ಕಾಣಬೇಕೆಂದು ಕಲಿಸಲು ಹೋಟೆಲ್ ಹಿಡಿದಿದ್ದರು. ಇದಕ್ಕೆ ಯಾರಿಗೂ ಹೊತ್ತು ಸಿಗಲಿಲ್ಲ. ಪ್ರತಿದಿನ ಬೆಳಗ್ಗೆ ಕುರ್ಚಿಗೆ ಕೂರುವ ಮುಂಚೆ ಡಾಕ್ಟರು ಒಂದೊಂದು ಮಾತು ಹೇಳಿದ್ದರೂ ಒಂದು ವಾರದಲ್ಲಿ ಮುಗಿಯುತ್ತಿತ್ತು. ಇದನ್ನು ನಾನು ಎಷ್ಟು ಸಲ ಯೋಚಿಸಿದರೂ ಸಿಟ್ಟು ಕಡಿಮೆಯಾಗುವುದಿಲ್ಲ.

ಮುಂದಿನ ವರ್ಷ ಅಕ್ಕ ಮತ್ತು ಅವರ ಗಂಡ ಮನೆ ಖಾಲಿ ಮಾಡಿ ದಾವಣಗೆರೆಯಲ್ಲಿದ್ದ ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಹುಟ್ಟಿ ಬೆಳೆದ ಗಲ್ಲಿಯನ್ನು ಬಿಟ್ಟು, ಎಂದೂ ಕಾಣದ ಊರಿಗೆ. ಸ್ಟೇಷನ್ನಿನಲ್ಲಿ ಕಿಟಕಿಯಾಚೆಯಿಂದ, "ಅಲ್ಲಿ ನನ್ನ ಕನ್ನಡ ಕೇಳಿ ನಗ್ತಾರೇನೋ" ಎಂದರು. ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ, ಜಿಂದಾ ಹೈಂ ಎಂದು ತಾವು ಕೂಗುವುದು ನಿದ್ದೆಯಲ್ಲಿ ತಮಗೇ ಕೇಳಿಸುತ್ತದೆ ಎಂದಿದ್ದರು. ಎರಡು ವರ್ಷದ ಕೆಳಗೆ ಅವರು ತೀರಿಕೊಂಡ ಸುದ್ದಿ ತಂಗಿಯಿಂದ ಬಂತು.

ಕಳೆದ ತಿಂಗಳು ಆಟೋದಿಂದ ಇಳಿದವಳು ಮನೆಗೆ ಹೋಗಲಿಲ್ಲ. ನಡೆದುಕೊಂಡೇ ಹಳೆಯ ಗಲ್ಲಿಗೆ ಹೋದೆ. ಕ್ಲಿನಿಕ್ಕಿಗೆ ಈಗ ಗಾಜಿನ ಬಾಗಿಲು, ತಂಪು ಗಾಳಿ, ದೊಡ್ಡ ಪರದೆ. ಡಾಕ್ಟರು ಮಾತ್ರ ಅವರೇ. ಕೌಂಟರಿನಲ್ಲಿ ಇಪ್ಪತ್ತು ದಾಟಿರದ ಒಬ್ಬ ಹುಡುಗಿ. ನನ್ನನ್ನು ಕಂಡು ಅಳತೆಯಿಟ್ಟು ನಕ್ಕಳು.

"ಟೋಕನ್ ಆಂಟೀ?"

"ಟೋಕನ್ ಬೇಡ. ಒಂದು ಮಾತು ಕೇಳಬೇಕು. ಎದೆ ಭಾರ ಅಂತ ಯಾರಾದರೂ ಬಂದರೆ ಏನು ಮಾಡುತ್ತೀ?"

"ಟೋಕನ್ ಕೊಡ್ತೀನಿ," ಎಂದಳು ಹಿಂದಿಯಲ್ಲಿ, ಇದೆಂಥ ಪ್ರಶ್ನೆ ಎಂಬಂತೆ. ಹಿಂದಿನಿಂದ ಯಾರೋ "ಜಲ್ದೀ ಕೀಜಿಯೇ, ಮೇಡಂ" ಎಂದರು. ಇದೇ ಬಾಗಿಲಲ್ಲಿ ಒಬ್ಬರು ಎದೆ ಹಿಡಿದ ಹಾಗಿದೆ ಎಂದು ಬಂದಿದ್ದರು, ಅವರಿಗೂ ನಂಬರ್ ಕೊಟ್ಟಿದ್ದರು ಎಂದು ಹೇಳಿದೆ.

ಹುಡುಗಿಯ ನಗು ನಿಂತಿತು. "ಬದುಕಿದರಾ?"

"ಇಲ್ಲ."

ಅವಳು ಒಳಗೋಣೆಯ ಬಾಗಿಲಿನ ಕಡೆ ನೋಡಿ, ದನಿ ತಗ್ಗಿಸಿ, "ಊಟದ ಹೊತ್ತಿಗೆ ಬನ್ನಿ" ಎಂದಳು.

ಹೋದೆ. ಅವಳು ಕೌಂಟರಿನ ಹಿಂದೆ ಡಬ್ಬಿ ಬಿಚ್ಚಿ ಕೂತಿದ್ದಳು. ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು ಕೇಳಿದಳು, ಗಟ್ಟಿಯಾಗಿ ತಿರುಗಿ ಹೇಳಿ ನೋಡಿಕೊಂಡಳು, ಒಂದು ಕಡೆ ತಪ್ಪಿದಳು, ತಿದ್ದಿಕೊಂಡಳು. ಆಮೇಲೆ ಕೇಳಿದಳು, "ಆಂಟೀ, ಇದನ್ನ ಡಾಕ್ಟರ್ ಸಾಹೇಬರೇ ಯಾಕೆ ಹೇಳಲಿಲ್ಲ?"

"ನೀನೇ ಕೇಳು ಅವ್ರನ್ನ."

"ಕೇಳಿದರೆ ನೌಕರಿ ಹೋಗುತ್ತೆ," ಎಂದು ನಕ್ಕಳು. ಈ ಸಲ ಅಳತೆಯಿಲ್ಲದ ನಗು. ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದಳು.

ಈ ಊರಿನ ಅಷ್ಟೊಂದು ಕೌಂಟರುಗಳಲ್ಲಿ ಒಂದರಲ್ಲಿ ಕೂತವಳಿಗೆ ಈಗ ಗೊತ್ತಿದೆ. ಅವಳು ನಾಳೆ ಬೇರೆ ಕೆಲಸ ಹಿಡಿದರೆ ಅದೂ ಇಲ್ಲ. ಮಾವ ಇಲ್ಲ. ಅಕ್ಕ ಇಲ್ಲ. ಹೇಳಿಕೊಡಬೇಕಾದವರು ಮಾತ್ರ ಇದ್ದಾರೆ, ಒಳಗೋಣೆಯಲ್ಲಿ, ಬಾಗಿಲು ಹಾಕಿಕೊಂಡು.